ಮೂರಡಿ ಐದಿಂಚಿನ ಕಿಟಕಿ

ನಮ್ಮ ಭಾವ ಕೆಟ್ಟ ಮನುಷ್ಯರಲ್ಲ. ಈ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಮುಂದೆ ಹೇಳುತ್ತಾ ಹೋದ ಹಾಗೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಆಮೇಲೆ ಇದನ್ನು ಹೇಳಲು ಬಾಯಿ ಬರುವುದಿಲ್ಲ. ಅವರಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಅಕ್ಕನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಮೂವತ್ತೆರಡು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಎತ್ತರದ ಸ್ಟೂಲಿನ ಮೇಲೆ ಕೂತು ಬೇರೆಯವರ ಮನೆಗಳ ನಕ್ಷೆ ಬರೆದರು. ಮೇಸ್ತ್ರಿಗಳು ಬೆನ್ನ ಹಿಂದೆ ಅವರನ್ನು ‘ಅರ್ಧ ಇಂಚು’ ಎಂದು ಕರೆಯುತ್ತಿದ್ದರು. ಗೋಡೆ ಅರ್ಧ ಇಂಚು ಆಚೀಚೆಯಾದರೂ ಸಾಕು, ಕೆಡವಿಸುವವರೆಗೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಾನು ಬಡಗಿ. ಅವರ ಟೇಪಿನ ಕಾಟ ನನ್ನ ಬಾಗಿಲು ಕಿಟಕಿಗಳಿಗೂ ತಪ್ಪಿರಲಿಲ್ಲ. ಹೆಂಡತಿಯ ತಮ್ಮ ಎಂಬ ರಿಯಾಯಿತಿ ಅವರ ಹತ್ತಿರ ನಡೆಯುತ್ತಿರಲಿಲ್ಲ.

ಮನೆಯ ನಕ್ಷೆ ನೋಡಿದವರಿಗೆ ಗೊತ್ತಿರುತ್ತದೆ, ಬಲಗಡೆ ಕೆಳಮೂಲೆಯಲ್ಲಿ ಒಂದು ಪುಟ್ಟ ಚೌಕ ಇರುತ್ತದೆ. ಅದರಲ್ಲಿ ಮೂರು ಸಾಲು: ವಿನ್ಯಾಸ, ಬರೆದವರು, ಪರಿಶೀಲಿಸಿದವರು. ‘ವಿನ್ಯಾಸ’ದ ಮುಂದೆ ಆರ್ಕಿಟೆಕ್ಟ್ ಸಾಹೇಬರ ಪೂರ್ತಿ ಹೆಸರು, ಡಿಗ್ರಿಗಳ ಸಮೇತ. ‘ಪರಿಶೀಲಿಸಿದವರು’ ಎಂಬಲ್ಲಿ ಅವರದೇ ಸಹಿ. ನಡುವೆ, ‘ಬರೆದವರು’ ಎಂಬಲ್ಲಿ, ಭಾವನ ಹೆಸರಿನ ಮೊದಲೆರಡು ಅಕ್ಷರ. ಮೂವತ್ತೆರಡು ವರ್ಷಕ್ಕೆ ಎರಡು ಅಕ್ಷರ.

ಒಂದು ಸಲ ಯಾವುದೋ ದೊಡ್ಡ ಮನೆಯ ಮಹಡಿ ಮೆಟ್ಟಿಲು ಎಲ್ಲಿ ಇಟ್ಟರೂ ಕೂರುತ್ತಿರಲಿಲ್ಲವಂತೆ. ಸಾಹೇಬರು ವಾರಗಟ್ಟಲೆ ತಲೆ ಕೆರೆದುಕೊಂಡರು. ಭಾವ ಊಟದ ಡಬ್ಬಿ ಮುಚ್ಚುತ್ತಾ, ಹಳೆಯ ಲಕೋಟೆಯ ಬೆನ್ನಿನ ಮೇಲೆ ಗೀಚಿ ತೋರಿಸಿದರಂತೆ. ಆ ಮೆಟ್ಟಿಲಿನ ಫೋಟೋ ಪೇಪರಿನಲ್ಲಿ ಬಂತು. ಯಾರು ಮಾಡಿದ್ದು ಎಂದು ಕೇಳಿದಾಗ ಸಾಹೇಬರು, “ಹಾಗೇ ಒಂದು ದಿನ ಹೊಳೀತು” ಎಂದಿದ್ದರು. ಆ ತುಂಡು ಪೇಪರನ್ನು ಭಾವ ಮಡಚಿ ಇಟ್ಟುಕೊಂಡಿದ್ದಾರೆ. ನಮ್ಮ ಮನೆಗೆ ಬಂದಾಗೆಲ್ಲ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಆ ಮೆಟ್ಟಿಲು ಹತ್ತಿ ಇಳಿಯದೆ ಮುಗಿಯುತ್ತಿರಲಿಲ್ಲ.

“ಹೊಳೀತಂತೆ! ಆ ಮೆಟ್ಟಿಲು ನಂದು ಕಣೋ. ಒಂದು ಮಾತು, ಇವರು ಹೇಳಿದ್ದು ಅಂತ ಒಂದೇ ಒಂದು ಮಾತು ಅಂದಿದ್ರೆ ಅವರ ಗಂಟೇನು ಹೋಗ್ತಿತ್ತು?” ಎನ್ನುತ್ತಿದ್ದರು.

ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, “ನಮಗೆಲ್ಲ ಗೊತ್ತಲ್ಲ ರೀ, ಬಿಡಿ” ಎನ್ನುತ್ತಿದ್ದಳು. ನೂರನೆಯ ಸಲವೂ ಮೊದಲನೆಯ ಸಲ ಕೇಳಿದ ಹಾಗೆಯೇ ಸಮಾಧಾನ ಹೇಳುವ ತಾಳ್ಮೆ ಅವಳಿಗಿತ್ತು.

ಅಕ್ಕ ಹೊಲಿಗೆಯವಳು. ಉದ್ದ ಆದದ್ದನ್ನು ಗಿಡ್ಡ ಮಾಡುವುದು, ಬಿಗಿ ಆದದ್ದನ್ನು ಸಡಿಲ ಮಾಡುವುದು, ಗುಂಡಿ, ಕಾಜ, ಅಂಚು ಮಡಿಸುವುದು. ಅವರಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಮೂರು ಸಂಸಾರಕ್ಕೆ ಒಂದೇ ಬಚ್ಚಲು, ಅದು ಓಣಿಯಂಥ ಜಗಲಿಯ ತುದಿಯಲ್ಲಿ. ನೀರು ಹೊರಗೆ ಹರಿಯದಿರಲಿ ಎಂದು ಬಾಗಿಲಿಗೆ ಒಂದು ಮೊಳ ಎತ್ತರದ ಕಲ್ಲಿನ ಹೊಸ್ತಿಲು ಇಟ್ಟಿದ್ದರು. ಮದುವೆಯಾಗಿ ಆರನೆಯ ವರ್ಷ ಅಕ್ಕ ಅದೇ ಹೊಸ್ತಿಲು ಎಡವಿ ಬಿದ್ದು ಬಲಮಂಡಿ ಮುರಿದುಕೊಂಡಳು. ಮೂಳೆ ಕೂಡಿತು, ಮಂಡಿ ಮಾತ್ರ ಮೊದಲಿನಂತೆ ಮಡಚಲಿಲ್ಲ. ಅಲ್ಲಿಂದ ದಿನಕ್ಕೆ ನಾಲ್ಕು ಸಲ, ಗೋಡೆ ಹಿಡಿದು, ಆ ಕಾಲನ್ನು ಕೈಯಿಂದಲೇ ಎತ್ತಿ ಹೊಸ್ತಿಲು ದಾಟಿಸಿಕೊಳ್ಳುವುದು ಅವಳ ಪಾಡಾಯಿತು. ಮಕ್ಕಳಾಗಲಿಲ್ಲ. ಹೊಲಿಗೆಗೆ ಬೆಳಕು ಸಾಲದೆ ಬಾಗಿಲಲ್ಲಿ ಟ್ರಂಕಿನ ಮೇಲೆ ಕೂರುತ್ತಿದ್ದಳು, ಹೋಗಿಬರುವವರೆಲ್ಲ ಅವಳ ಕಾಲು ದಾಟಿಕೊಂಡೇ ಹೋಗಬೇಕು.

ಊರಾಚೆ ಅವರದೊಂದು ಚಿಕ್ಕ ಸೈಟಿತ್ತು. ಭಾವ ನಿವೃತ್ತರಾದ ಮೇಲೆ ಅಲ್ಲಿ ಮನೆ ಕಟ್ಟುವುದು ಎಂದು ತೀರ್ಮಾನವಾಗಿತ್ತು. ಮನೆ ಇರಲಿಲ್ಲ, ಆದರೆ ಅದರ ನಕ್ಷೆ ಇತ್ತು. ತಗಡಿನ ಉದ್ದನೆಯ ಡಬ್ಬಿಯಲ್ಲಿ ಸುರುಳಿ ಸುತ್ತಿದ ಟ್ರೇಸಿಂಗ್ ಕಾಗದ. ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಭಾವ ಅದನ್ನು ನೆಲದ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ನಾಲ್ಕು ಲೋಟ ಇಡುವರು. ಆಮೇಲೆ ಅಕ್ಕನ ದರ್ಬಾರು.

“ಬಚ್ಚಲಿಗೆ ಹೊಸ್ತಿಲು ಬೇಡ. ನೆಲಾನೇ ಒಳಗಡೆಗೆ ಇಳಿಜಾರು ಮಾಡಿ, ನೀರು ಅದರ ಪಾಡಿಗೆ ಹೋಗುತ್ತೆ.”

“ಮೂಲೇಲಿ ಒಂದು ಕಲ್ಲಿನ ಬೆಂಚು. ಕೂತು ಸ್ನಾನ ಮಾಡೋಕೆ. ಕೂತಾಗ ಕೈಗೆ ಎಟುಕೋ ಹಾಗೆ ಸೋಪಿಗೊಂದು ಗೂಡು. ನಿಂತವರಿಗೆ ಎಟುಕೋ ಎತ್ತರದಲ್ಲಿ ಇಡಬೇಡಿ ಮತ್ತೆ.”

“ಏಳುವಾಗ ಹಿಡ್ಕೊಳ್ಳೋಕೆ ಎಡಗಡೆ ಒಂದು ಕಂಬಿ. ಬಲಗಡೆ ಅಲ್ಲ ರೀ, ಬಲಗಾಲಿಗೆ ಭಾರ ಬೀಳುತ್ತೆ.”

ಹೀಗೆ ಹೇಳಿ ಸುಮ್ಮನಾಗುವವಳಲ್ಲ. ಪೆನ್ಸಿಲ್ ತೆಗೆದುಕೊಂಡು ತಾನೇ ಗುರುತು ಮಾಡುವಳು. ಟ್ರೇಸಿಂಗ್ ಮೇಲಿನ ಇಂಕನ್ನು ಬ್ಲೇಡಿನಿಂದ ಕೆರೆದು ತೆಗೆಯುವುದು ಒಂದು ವಿದ್ಯೆ. ಬ್ಲೇಡು ಒಂಚೂರು ಓರೆಯಾದರೆ ಕಾಗದ ಹರಿಯುತ್ತದೆ. ಭಾವ ಅದನ್ನು ಅವಳಿಗೆ ಕಲಿಸಿದರು. ಹೊಲಿಗೆ ಬಿಚ್ಚಿ ಬಿಚ್ಚಿ ಪಳಗಿದ ಕೈ, ಎರಡೇ ದಿನಕ್ಕೆ ಗುರುವನ್ನು ಮೀರಿಸಿತು. “ನನಗಿರೋದು ಒಬ್ಬಳೇ ಗಿರಾಕಿ. ಇಷ್ಟು ಪೀಡಿಸೋ ಗಿರಾಕೀನ ನಮ್ಮ ಸಾಹೇಬರೂ ಕಂಡಿಲ್ಲ” ಎಂದು ಭಾವ ನಗುತ್ತಿದ್ದರು. ಪ್ರತಿಯೊಂದು ತಿದ್ದುಪಡಿಯಾದ ಮೇಲೆ ಕೆಳಮೂಲೆಯ ಚೌಕದಲ್ಲಿ, ‘ಪರಿಶೀಲಿಸಿದವರು’ ಎಂಬಲ್ಲಿ ಅಕ್ಕನ ಸಹಿ, ತಾರೀಕಿನ ಸಮೇತ. ಸಹಿ ಇಂಕಿನಲ್ಲೇ ಆಗಬೇಕು ಎಂದು ಅವಳ ಹಟ. ಹದಿನಾಲ್ಕು ವರ್ಷದಲ್ಲಿ ಹನ್ನೊಂದು ಸಹಿ. ಜಾಗ ಸಾಲದೆ ಚೌಕದಿಂದ ಹೊರಗೂ ಹರಿದಿದ್ದವು.

ಕಿಟಕಿಯ ದಿನ ನಾನೂ ಅಲ್ಲಿದ್ದೆ. ಅವಳಿಗೆ ಒಂದೂವರೆ ಅಡಿ ಎತ್ತರದಲ್ಲಿ ಕಿಟಕಿ ಬೇಕಿತ್ತು, ಕಿಟಕಿಯೊಳಗೇ ಅಗಲವಾದ ಮರದ ಕಟ್ಟೆ. ಅದರ ಮೇಲೆ ಉದ್ದಕ್ಕೆ ಕಾಲು ಚಾಚಿ, ಬೆನ್ನು ಒಂದು ಕಡೆಯ ಗೋಡೆಗೆ, ಹಿಮ್ಮಡಿ ಇನ್ನೊಂದು ಕಡೆಗೆ ಒತ್ತಿ ಕೂತರೆ ಮಂಡಿಯ ನೋವು ಇಳಿಯುತ್ತದಂತೆ, ಬೆಳಕು ಎಡಗಡೆಯಿಂದ ನೇರ ಸೂಜಿಯ ಮೇಲೆ ಬೀಳುತ್ತದೆ, ಬೀದಿಯೂ ಕಾಣುತ್ತದೆ. “ಅಳತೆ ತಗೋ” ಎಂದು ಗೋಡೆಗೊರಗಿ ನೆಲದ ಮೇಲೆ ಕಾಲು ಚಾಚಿದಳು. ನಾನು ಟೇಪು ಹಿಡಿದೆ. ಬೆನ್ನಿನಿಂದ ಹಿಮ್ಮಡಿಗೆ ಮೂರಡಿ ಮೂರಿಂಚು. ಬೆನ್ನ ಹಿಂದಿನ ದಿಂಬಿಗೆ ಎರಡು ಇಂಚು.

“ಮೂರಡಿ ಐದಿಂಚಿಗೆ ಯಾರೂ ಕಿಟಕಿ ಮಾಡಲ್ಲ ಅಕ್ಕ. ಮೂರೂವರೆ ಇಟ್ಕೋ, ಮರ ಸರಿಯಾಗಿ ಬರುತ್ತೆ” ಎಂದೆ.

“ಒಂದಿಂಚು ಜಾಸ್ತಿಯಾದ್ರೆ ಹಿಮ್ಮಡಿಗೆ ಆಸರೆ ಸಿಗಲ್ಲ. ಅರ್ಧ ಇಂಚಿಗೆ ಗೋಡೆ ಕೆಡವಿಸೋರ ಹೆಂಡತಿ ಕಣೋ ನಾನು!” ಎಂದಳು. ಭಾವ ಬಿದ್ದು ಬಿದ್ದು ನಕ್ಕರು. ಆ ಕೋಣೆಯಲ್ಲಿ ಅಷ್ಟು ನಗು ನಾನು ಆಮೇಲೆ ಕೇಳಿಲ್ಲ.

ಅಷ್ಟರಲ್ಲಿ ಕಚೇರಿಗೆ ಕಂಪ್ಯೂಟರುಗಳು ಬಂದವು. ಭಾವನ ಬೋರ್ಡನ್ನು ಹಳೆಯ ಫೈಲುಗಳ ಕೋಣೆಗೆ ಸಾಗಿಸಿದರು. ಸಣ್ಣಪುಟ್ಟ ರಿಪೇರಿ, ಕಾಂಪೌಂಡು, ಗೇಟು, ಇಂಥವು ಮಾತ್ರ ಅವರ ಪಾಲಿಗೆ ಉಳಿದವು. ನಿವೃತ್ತಿಗೆ ಎರಡು ವರ್ಷ ಇದ್ದಾಗ ಸಾಹೇಬರು ಒಂದು ದಿನ ಆ ಕೋಣೆಗೆ ಬಂದು ಹೇಳಿದರು. ಊರ ಹೊರಗೆ ಗಿರಾಕಿಗಳೊಬ್ಬರ ತೋಟದ ಮನೆಯಿದೆ, ಅಲ್ಲಿ ಹೊಸದಾಗಿ ಈಜುಕೊಳ ತೋಡಿಸುತ್ತಿದ್ದಾರೆ. ಕೊಳದ ಪಕ್ಕಕ್ಕೆ ಒಂದು ಪುಟ್ಟ ಮನೆ ಬೇಕು. ಬಟ್ಟೆ ಬದಲಿಸಲು ಜಾಗ, ಸ್ನಾನಕ್ಕೊಂದು ಕೋಣೆ, ಪಂಪಿಗೊಂದು ಮೂಲೆ, ಕೂತು ನೀರು ನೋಡಲು ನೆರಳು. ಕೈಯಲ್ಲಿ ಬರೆದ ನಕ್ಷೆಯೇ ಬೇಕು, ಕಟ್ಟು ಹಾಕಿಸಿ ತೂಗುಹಾಕುತ್ತೇನೆ ಎಂದು ಮನೆಯ ಯಜಮಾನಿ ಆಸೆಪಟ್ಟಿದ್ದಾರೆ.

“ಇದನ್ನ ನೀವೇ ಮಾಡಿ. ಪೂರ್ತಿ ನಿಮ್ಮದೇ. ವಿನ್ಯಾಸ ಅನ್ನೋ ಕಡೆ ನಿಮ್ಮ ಹೆಸರೇ ಬರಲಿ. ನಾನು ಕೆಳಗೆ ಸಹಿ ಮಾತ್ರ ಹಾಕ್ತೀನಿ.”

ಅವತ್ತು ಸಂಜೆ ಭಾವ ಮನೆಗೆ ಹೋಗದೆ ನೇರ ನನ್ನ ಕಾರ್ಖಾನೆಗೆ ಬಂದರು. ಮರದ ಹೊಟ್ಟಿನ ಮೇಲೆಯೇ ಕೂತುಬಿಟ್ಟರು. “ನನ್ನ ಪೂರ್ತಿ ಹೆಸರು ಕಣೋ” ಎಂದು ಎರಡು ಸಲ ಹೇಳಿದರು. ನಾನು ನಂಬಲಿಲ್ಲ. ಕೊನೆ ಗಳಿಗೆಯಲ್ಲಿ ಸಾಹೇಬ ಕೈ ಕೊಡುತ್ತಾನೆ, ಆಗ ಹೋಗಿ ಅವನ ಮರ್ಯಾದೆ ತೆಗೆದು ಬರಬೇಕು ಎಂದು ಮನಸ್ಸಿನಲ್ಲೇ ಬೈಗುಳ ಹೊಂದಿಸಿಟ್ಟುಕೊಂಡೆ. ಹೇಳಬೇಕಾದದ್ದು ಹೇಳುತ್ತೇನೆ: ಸಾಹೇಬರು ಕೊಟ್ಟ ಮಾತು ಉಳಿಸಿಕೊಂಡರು. ನನ್ನ ಸಿಟ್ಟಿಗೆ ಆ ಕಡೆ ಕೆಲಸವೇ ಸಿಗಲಿಲ್ಲ.

ಭಾವ ಆ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕೂತರು. ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ, ಗಾಳಿ ಯಾವ ಕಡೆಯಿಂದ, ಒದ್ದೆ ಕಾಲಲ್ಲಿ ಎಷ್ಟು ಹೆಜ್ಜೆ, ಎಲ್ಲ ಬರೆದುಕೊಂಡರು. ಆಮೇಲೆ ಮೊದಲ ನಕ್ಷೆ ಬರೆದರು. ಯಜಮಾನಿ ನೋಡಿ, “ಆಸ್ಪತ್ರೆ ಥರ ಇದೆ” ಎಂದರು. ಎರಡನೆಯದನ್ನು ನೋಡಿ, “ಬಸ್ ಸ್ಟ್ಯಾಂಡಲ್ಲಿ ಇರುತ್ತಲ್ಲ, ಹಾಗಿದೆ” ಎಂದು ನಕ್ಕರು. ಕೆಟ್ಟ ಹೆಂಗಸಲ್ಲ, ಅನಿಸಿದ್ದನ್ನು ಹೇಳುವವರು. ಅಷ್ಟು ವರ್ಷ ಬೇರೆಯವರು ಹೇಳಿದ ಗೆರೆ ಎಳೆದ ಕೈಗೆ ತನ್ನದೇ ಗೆರೆ ಎಲ್ಲಿಂದ ಶುರು ಮಾಡುವುದು ಎಂದು ತಿಳಿಯುತ್ತಿರಲಿಲ್ಲ. ಸಾಹೇಬರು ಮೆತ್ತಗೆ ಹೇಳಿದರು, “ಸೋಮವಾರದೊಳಗೆ ಆಗದಿದ್ರೆ ಕಂಪ್ಯೂಟರಿನವರಿಗೆ ಕೊಟ್ಟುಬಿಡೋಣ, ನೀವು ತಲೆ ಕೆಡಿಸ್ಕೋಬೇಡಿ.”

ಶನಿವಾರ ಅಕ್ಕ ಹೊಲಿದ ಬಟ್ಟೆ ಕೊಡಲು ಅಂಗಡಿಗೆ ಹೋಗಿದ್ದಾಗ ಭಾವ ತಗಡಿನ ಡಬ್ಬಿ ತೆರೆದರು.

ಮೊದಲು ಬಚ್ಚಲು ಮಾತ್ರ ಎಂದುಕೊಂಡರಂತೆ. ಒದ್ದೆ ಕಾಲಿನವರು ಓಡಾಡುವ ಜಾಗ, ಹೊಸ್ತಿಲಿಲ್ಲದ ನೆಲ ಎಷ್ಟು ಸರಿ ಹೊಂದುತ್ತದೆ! ಬೆಂಚು ಬಂತು. ಬೆಂಚಿದ್ದ ಮೇಲೆ ಗೂಡು, ಗೂಡಿದ್ದ ಮೇಲೆ ಕಂಬಿ. ಕೊನೆಗೆ ಕಿಟಕಿ. ಸೋಮವಾರ ಯಜಮಾನಿ ನಕ್ಷೆ ನೋಡಿ ಕಿಟಕಿಯ ಮೇಲೆ ಬೆರಳಿಟ್ಟರಂತೆ. ಆಮೇಲೆ, “ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?” ಎಂದು ಕೇಳಿದರಂತೆ. ಭಾವ ಇದನ್ನು ನನಗೆ ಹೆಮ್ಮೆಯಿಂದಲೇ ಹೇಳಿದರು.

ಮರದ ಕೆಲಸ ನನಗೇ ಬಂತು. ನಕ್ಷೆ ಬಿಡಿಸಿ ಅಳತೆಗಳ ಪಟ್ಟಿ ಮಾಡುತ್ತಾ ಬಂದೆ. ಬಾಗಿಲು, ಬಾಗಿಲು, ಗಾಳಿಕಂಡಿ, ಆಮೇಲೆ ಕಿಟಕಿ. ಒಳ ಅಳತೆ ಮೂರಡಿ ಐದಿಂಚು. ನನ್ನ ಕೈ ಅಲ್ಲೇ ನಿಂತಿತು. ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಆ ಅಳತೆಯ ಕಿಟಕಿ ಯಾರೂ ಕೇಳಿರಲಿಲ್ಲ, ಒಬ್ಬಳನ್ನು ಬಿಟ್ಟು.

“ಭಾವ, ಇದು ಅಕ್ಕನ ಕಿಟಕಿ ಅಲ್ವಾ?”

“ಹೌದು. ಏನೀಗ?”

“ಅವಳಿಗೆ ಹೇಳಿದೀರಾ?”

“ನಾವು ಕಟ್ಟುವಾಗ ಇನ್ನೊಂದು ಸಲ ಕಟ್ಟಿದ್ರಾಯ್ತು. ನಕ್ಷೆ ಏನು ಬಟ್ಟೆಯೇನೋ, ಒಬ್ಬರು ಹಾಕ್ಕೊಂಡ್ರೆ ಸವೆಯೋಕೆ? ಬರೆದಿರೋ ಹಾಗೆ ಮಾಡು.”

ಅವರ ಮಾತಿನಲ್ಲಿ ಸುಳ್ಳೇನೂ ಕಾಣಲಿಲ್ಲ. ಅಥವಾ ಕಾಣಬಾರದೆಂದು ನಾನೇ ಕಣ್ಣು ಮುಚ್ಚಿಕೊಂಡೆನೋ ಏನೋ. ಒಳ್ಳೆಯ ಮರ, ಒಳ್ಳೆಯ ಜಾಗ, ಅಂಥ ಕೆಲಸ ನನಗೂ ಬೇಕಾಗಿತ್ತು. ಕಟ್ಟೆಯ ಹಲಗೆಯನ್ನು ನಾನೇ ಉಜ್ಜಿದೆ. ಅದರ ಅಂಚನ್ನು ಕಾಲಿಗೆ ಒತ್ತದ ಹಾಗೆ ಗುಂಡಗೆ ಮಾಡಿದೆ. ಮಾಡುವಾಗ ಕಣ್ಣ ಮುಂದೆ ಇದ್ದದ್ದು ಅಕ್ಕನ ಕಾಲೇ. ಅಷ್ಟಾದರೂ ಬಾಯಿ ಬಿಡಲಿಲ್ಲ, ಅದು ನನ್ನ ಪಾಲಿನ ಪಾಪ.

ಕೊಳಕ್ಕೆ ಮೊದಲ ಸಲ ನೀರು ತುಂಬಿಸಿದ ವಾರ ಯಜಮಾನಿ ಕೆಲಸ ಮಾಡಿದವರನ್ನೆಲ್ಲ ಸಂಸಾರ ಸಮೇತ ಚಹಾಕ್ಕೆ ಕರೆದರು. ಭಾವ ಅಕ್ಕನಿಗೆ ಕೊಳದ ಮನೆಯ ಬಗ್ಗೆ ಹೇಳಿದ್ದದ್ದು ಇಷ್ಟೇ: ನನ್ನ ಹೆಸರು ಹಾಕಿದ್ದಾರೆ, ನೀನು ಬಂದು ನೋಡಬೇಕು.

“ಮೊದಲೇ ಹೇಳಿಬಿಡಿ ಭಾವ. ಅಲ್ಲಿಗೆ ಹೋಗಿ ಗೊತ್ತಾಗೋದು ಬೇಡ” ಎಂದು ಬೇಡಿಕೊಂಡೆ.

“ನಿನಗೆ ತಿಳಿಯಲ್ಲ. ಹದಿನಾಲ್ಕು ವರ್ಷ ಕಾಗದದ ಮೇಲೆ ನೋಡಿದ್ದನ್ನ ಮೊದಲನೇ ಸಲ ಮುಟ್ಟಿ ನೋಡ್ತಾಳೆ. ಎಷ್ಟು ಖುಷಿಪಡ್ತಾಳೆ ನೋಡ್ತಿರು” ಎಂದರು. ಅದನ್ನು ಅವರು ಮನಸಾರೆ ನಂಬಿದ್ದರು. ನಕ್ಷೆಯವರ ತಲೆ ಹಾಗೆ ಓಡುತ್ತದೆ. ಗೆರೆ ಗೋಡೆಯಾದರೆ ಸಾಕು, ಯಾರ ಗೋಡೆ ಎಂಬುದು ಅವರಿಗೆ ಆಮೇಲಿನ ವಿಚಾರ.

ನನ್ನ ಸಾಮಾನಿನ ವ್ಯಾನಿನ ಮುಂದಿನ ಸೀಟಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೋದೆವು. ಇಸ್ತ್ರಿ ಮಾಡಿದ ಒಳ್ಳೆಯ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಅವಳದೇ ಮಾತು. “ಪೂರ್ತಿ ಹೆಸರೇ ಹಾಕಿದಾರಾ? ಇನಿಷಿಯಲ್ಲೂ ಇದೆಯಾ?” ಎಂದು ಕೇಳಿದ್ದನ್ನೇ ಕೇಳಿದಳು.

ಕೊಳದ ಮನೆಯ ಮುಂಗಟ್ಟೆಯಲ್ಲಿ, ಗೋಡೆಯ ಮೇಲೆ, ಗಾಜಿನ ಕಟ್ಟಿನೊಳಗೆ ನಕ್ಷೆ ತೂಗುತ್ತಿತ್ತು. ಭಾವ ಅಕ್ಕನನ್ನು ನೇರ ಅಲ್ಲಿಗೆ ಕರೆದುಕೊಂಡು ಹೋಗಿ ಕೆಳಮೂಲೆಗೆ ಬೆರಳಿಟ್ಟರು. ಕನ್ನಡಕ ಚೀಲದಲ್ಲಿತ್ತು, ತೆಗೆಯಲು ಅವಳಿಗೆ ಪುರುಸೊತ್ತಿರಲಿಲ್ಲ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ದಪ್ಪ ಅಕ್ಷರದ ಆ ಹೆಸರನ್ನು ಮಾತ್ರ ಓದಿದಳು. ಅವಳ ಕಣ್ಣು ತುಂಬಿ ಬಂತು.

“ಕೊನೆಗೂ ಬಂತಲ್ಲ ರೀ” ಎಂದಳು. ಸೆರಗಿನಿಂದ ಗಾಜಿನ ಮೇಲಿನ ಉಸಿರಿನ ಮಂಜು ಒರೆಸಿದಳು. ಭಾವನಿಗಿಂತ ಅವಳೇ ಹೆಚ್ಚು ಬೀಗುತ್ತಿದ್ದಳು.

“ಒಳಗೆ ಬಾ” ಎಂದರು ಭಾವ.

ಸ್ನಾನದ ಕೋಣೆಯ ಬಾಗಿಲಿಗೆ ಬಂದಾಗ ಅಭ್ಯಾಸಬಲದಿಂದ ಬಲಗಾಲನ್ನು ಕೈಯಿಂದ ಎತ್ತಿದಳು. ಎತ್ತಿದ ಕಾಲು ಇಳಿಯುವಾಗ ದಾಟಲು ಅಲ್ಲೇನೂ ಇರಲಿಲ್ಲ. ನಿಂತಳು. ನೆಲ ನೋಡಿದಳು, ಇಳಿಜಾರು ನೋಡಿದಳು. ಆಮೇಲೆ ಅವಳ ಎಡಗೈ ತಾನಾಗಿ ಗೋಡೆಯ ಕಡೆ ಹೋಯಿತು, ಕಣ್ಣು ಬೇರೆಲ್ಲೋ ಇತ್ತು, ಕೈಗೆ ಕಂಬಿ ಸಿಕ್ಕಿತು. ಬೆಂಚಿನ ಮೇಲೆ ಕೂತಳು. ಕೈ ಚಾಚಿದಳು, ಗೂಡು. ಗೂಡಿನಲ್ಲಿ ಯಾರದೋ ಶಾಂಪೂ ಬಾಟಲಿ. ಅವಳ ಮುಖದಲ್ಲಿದ್ದ ನಗು ಒಂದೇ ಸಲಕ್ಕೆ ಹೋಗಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು.

ಯಾರ ಆಸರೆಯೂ ಇಲ್ಲದೆ ಎದ್ದು ಕಿಟಕಿಯ ಕೋಣೆಗೆ ನಡೆದಳು. ಅದು ಎಲ್ಲಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕಟ್ಟೆಯ ಮೇಲೆ ಒದ್ದೆ ಟವೆಲ್ಲೊಂದು ಬಿದ್ದಿತ್ತು, ಗಾಳಿ ತುಂಬಿದ ಬಣ್ಣದ ಚಕ್ರವೊಂದಿತ್ತು. ಎರಡನ್ನೂ ಪಕ್ಕಕ್ಕಿಟ್ಟು ಹತ್ತಿ ಕೂತಳು. ಬೆನ್ನು ಗೋಡೆಗೆ, ಹಿಮ್ಮಡಿ ಆ ಬದಿಗೆ. ದಿಂಬಿಗೆಂದು ಬಿಟ್ಟ ಎರಡಿಂಚು ಮಾತ್ರ ಖಾಲಿ ಉಳಿಯಿತು. ಹೊರಗೆ ಬೀದಿಯ ಬದಲು ನೀರಿತ್ತು. ಬೆಳಕು ಎಡಗಡೆಯಿಂದ ಅವಳ ಖಾಲಿ ಕೈಗಳ ಮೇಲೆ ಬೀಳುತ್ತಿತ್ತು.

ಅಷ್ಟರಲ್ಲಿ ಯಜಮಾನಿ ಚಹಾದ ಕಪ್ಪು ಹಿಡಿದು ಬಂದರು. ಅಕ್ಕನನ್ನು ನೋಡಿ ಚಪ್ಪಾಳೆ ತಟ್ಟುವುದೊಂದು ಬಾಕಿ.

“ಅಯ್ಯೋ, ನಿಮಗೆ ಹೇಳಿ ಮಾಡಿಸಿದ ಹಾಗಿದೆಯಲ್ಲ! ನಮ್ಮಲ್ಲಿ ಯಾರಿಗೂ ಅಲ್ಲಿ ಕಾಲು ಹಿಡಿಸಲ್ಲ, ಮಡಚಿಕೊಂಡೇ ಕೂರಬೇಕು. ಆದ್ರೂ ಬಂದವರೆಲ್ಲ ಮೊದಲು ಕೇಳೋದು ಈ ಕಿಟಕೀನೇ.” ಆಮೇಲೆ ಭಾವನ ಕಡೆ ತಿರುಗಿ, “ನಿಜ ಹೇಳಿ, ಇದು ನಿಮಗೆ ಹೇಗೆ ಹೊಳೀತು?” ಎಂದು ಕೇಳಿದರು.

ಕೋಣೆಯಲ್ಲಿ ನಾವು ನಾಲ್ಕೇ ಜನ. ಅಕ್ಕ ಕತ್ತು ತಿರುಗಿಸಿ ಭಾವನನ್ನು ನೋಡಿದಳು. ಅವಳ ಮುಖದಲ್ಲಿ ಇನ್ನೂ ಸಿಟ್ಟಿರಲಿಲ್ಲ, ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ. ಬೆರಳೆತ್ತಿ ತೋರಿಸಿದರೂ ಸಾಕಾಗಿತ್ತು. ಭಾವ ಯಜಮಾನಿಯನ್ನು ನೋಡಿದರು, ಅಕ್ಕನನ್ನು ನೋಡಿದರು, ಚಹಾದ ಕಪ್ಪು ನೋಡಿದರು.

“ಏನೋ... ಹಾಗೇ ಹೊಳೀತು ಮೇಡಂ” ಎಂದರು.

ಅಕ್ಕ ಎರಡೂ ಕೈಯಿಂದ ಕಾಲನ್ನು ಹಿಡಿದು ಕೆಳಗಿಳಿಸಿದಳು. ಒದ್ದೆ ಟವೆಲ್ಲನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಹಾಕಿದಳು, ಬಣ್ಣದ ಚಕ್ರವನ್ನೂ. “ಚೆನ್ನಾಗಿದೆ ಮನೆ” ಎಂದು ಯಜಮಾನಿಗೆ ಹೇಳಿ ವ್ಯಾನಿನ ಕಡೆ ಹೊರಟಳು.

 ವಾಪಸು ಬಂದು ಮನೆ ಮುಂದೆ ಇಳಿಯುವಾಗ ಅಕ್ಕ ನನ್ನನ್ನು ಕೇಳಿದಳು, “ನಿನಗೆ ಗೊತ್ತಿತ್ತು, ಅಲ್ವಾ? ಅಳತೆ ತಗೊಂಡವನೂ ನೀನೇ, ಮಾಡಿದವನೂ ನೀನೇ.” ನಾನು ತಲೆ ತಗ್ಗಿಸಿದೆ. ಆಮೇಲೆ ಐದು ತಿಂಗಳು ನನ್ನ ಜೊತೆ ಮಾತು ಬಿಟ್ಟಳು, ಬಿಡಬೇಕಾದದ್ದೇ.

ಮರುದಿನ ಭಾನುವಾರ. ಕ್ಷಮೆ ಕೇಳೋಣವೆಂದು ಬೆಳಗ್ಗೆಯೇ ಹೋದೆ. ಅಕ್ಕ ನೆಲದ ಮೇಲೆ ನಕ್ಷೆ ಬಿಡಿಸಿಕೊಂಡಿದ್ದಳು, ನಾಲ್ಕು ಮೂಲೆಗೆ ನಾಲ್ಕು ಲೋಟ. ಕೈಯಲ್ಲಿ ಬ್ಲೇಡು. ಭಾವ ಅವಳೆದುರು ಕೂತು ಬಡಬಡಿಸುತ್ತಿದ್ದರು.

“ನಾನೇನು ಕದ್ದೆನಾ? ನಾನೇ ಬರೆದ ನಕ್ಷೆ ತಾನೇ? ನಾಳೆ ನಿನಗೂ ಇದನ್ನೇ ಕಟ್ಟಿಸಿಕೊಡ್ತೀನಿ. ಒಂದು ಕಿಟಕಿಗೋಸ್ಕರ ಇಷ್ಟು ರಂಪ ಯಾಕೆ?”

“ಕಿಟಕಿ ಕೊಟ್ಟಿದ್ದಕ್ಕೆ ನನಗೇನೂ ಇಲ್ಲ ರೀ” ಎಂದಳು ಅಕ್ಕ. ತಲೆ ಎತ್ತಲಿಲ್ಲ. “ಕೇಳಿದ್ರೆ ನಾನೇ ಕೊಡ್ತಿದ್ದೆ. ನಿಮ್ಮ ಹೆಸರು ಬರುತ್ತೆ ಅಂದ್ರೆ ಇಡೀ ಮನೆ ಕೊಡ್ತಿದ್ದೆ. ಆದ್ರೆ ಆಯಮ್ಮ ಕೇಳಿದಾಗ ನಾನು ಅಲ್ಲೇ ಕೂತಿದ್ದೆ. ಅದೇ ಕಿಟಕೀಲಿ, ಕಾಲು ಚಾಚಿಕೊಂಡು ಕೂತಿದ್ದೆ.”

ಭಾವ ಮೂಲೆಯ ಲೋಟವೊಂದನ್ನು ಸರಿಸಿ ಇಟ್ಟರು.

“ಆ ಮೆಟ್ಟಿಲಿನ ಕಥೇನ ಎಷ್ಟು ಸಲ ಕೇಳಿದೀನಿ ಹೇಳಿ? ಒಂದು ಸಲನಾದ್ರೂ ಸಾಕು ಅಂದಿದೀನಾ?”

ಹಾಗೆಂದವಳು ತನ್ನ ಮೊದಲ ಸಹಿಯ ಮೇಲೆ ಬ್ಲೇಡಿಟ್ಟಳು. ಬ್ಲೇಡನ್ನು ಮಲಗಿಸಿ, ಉಸಿರು ಬಿಗಿಹಿಡಿದು, ಸಣ್ಣಗೆ ಕೆರೆದಳು. ಉಗುರಿನಿಂದ ಪುಡಿ ಸರಿಸಿದಳು. ಮುಂದಿನ ಸಹಿ. ಅದರ ಮುಂದಿನದು. ಹನ್ನೊಂದೂ ಸಹಿ, ಹನ್ನೊಂದೂ ತಾರೀಕು. ಅರ್ಧ ಗಂಟೆ ಹಿಡಿಯಿತು, ನಾವಿಬ್ಬರು ಗಂಡಸರು ಸುಮ್ಮನೆ ನೋಡುತ್ತಾ ಕೂತಿದ್ದೆವು. ಮುಗಿದ ಮೇಲೆ ಕಾಗದವನ್ನು ಭಾವನ ಮುಂದೆ ತಳ್ಳಿ, “ತಗೊಳ್ಳಿ. ಇನ್ನು ಇದು ಪೂರ್ತಿ ನಿಮ್ಮದೇ” ಎಂದಳು.

ಭಾವ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಎಲ್ಲೂ ಹರಿದಿರಲಿಲ್ಲ, ಒಂದು ಚುಕ್ಕೆ ಇಂಕೂ ಉಳಿದಿರಲಿಲ್ಲ. ಕಸುಬಿನ ಚಟ ಎಲ್ಲಿ ಬಿಡುತ್ತದೆ, “ಚೆನ್ನಾಗಿ ಕೆರೆದಿದೀಯ” ಎಂದುಬಿಟ್ಟರು. ಅವತ್ತು ಅವರಿಗೆ ಎರಡು ಬಾರಿಸಬೇಕು ಎಂದು ನನ್ನ ಕೈ ತುರಿಸಿದ್ದು ನಿಜ.

ಭಾವ ನಿವೃತ್ತರಾದರು, ಸೈಟಿನಲ್ಲಿ ಮನೆಯೂ ಎದ್ದಿತು. ಬೇರೆ ನಕ್ಷೆ ಬರೆಯಲು ಅವರು ಎಷ್ಟೋ ತಿಂಗಳು ಒದ್ದಾಡಿದರು, ಬರಲಿಲ್ಲ. ಅಡುಗೆಮನೆ ಎಲ್ಲಿರಲಿ ಎಂದರೆ ಅಕ್ಕ “ನಿಮಗೆ ಎಲ್ಲಿ ಬೇಕೋ ಅಲ್ಲಿ” ಎನ್ನುತ್ತಿದ್ದಳು. ಗೂಡು ಎಷ್ಟು ಎತ್ತರ ಎಂದರೆ “ಎಷ್ಟಾದ್ರೂ ಆಗುತ್ತೆ” ಎನ್ನುತ್ತಿದ್ದಳು. ಜಗಳವಿಲ್ಲ, ಮುನಿಸಿಲ್ಲ, ಹೊತ್ತಿಗೆ ಸರಿಯಾಗಿ ಊಟ ಬಡಿಸುತ್ತಿದ್ದಳು. ಕೊನೆಗೆ ಭಾವ ಹಳೆಯ ನಕ್ಷೆಯನ್ನೇ ಇಟ್ಟುಕೊಂಡು ಕಟ್ಟಿಸಿದರು. ‘ಪರಿಶೀಲಿಸಿದವರು’ ಎಂಬ ಜಾಗ ಖಾಲಿಯಿತ್ತು. ಒಂದು ದಿನ ನನ್ನ ಕಾರ್ಖಾನೆಗೆ ಅದನ್ನು ತಂದು, “ನೀನಾದ್ರೂ ಒಂದು ಸಹಿ ಹಾಕೋ, ನೋಡೋಕೆ ಆಗ್ತಿಲ್ಲ” ಎಂದರು. ನಾನು ಹಾಕಲಿಲ್ಲ. ಕಿಟಕಿಯನ್ನು ಮಾತ್ರ ಇನ್ನೊಂದು ಸಲ ಮಾಡಿಕೊಟ್ಟೆ, ಅದೇ ಮರ, ಅದೇ ಗುಂಡು ಅಂಚು. ಹಲಗೆಗೆ ಹಲಗೆ ಸೇರಿಸುವಾಗ ನನಗೂ ಒಂದು ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮನೆಗೆ ಬಂದು ಮೂರು ವರ್ಷವಾಯಿತು. ಅಕ್ಕ ಹೊಸ್ತಿಲಿಲ್ಲದ ಬಚ್ಚಲಿಗೆ ಈಗಲೂ ಕಾಲು ಎತ್ತಿಯೇ ಹೋಗುತ್ತಾಳೆ. ಹೊಲಿಗೆಗೆ ಹಿಂದಿನ ಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತು, ಎದುರಿನ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು, ಹಾಡಹಗಲೇ ಬಲ್ಬು ಹಾಕಿಕೊಳ್ಳುತ್ತಾಳೆ. ಮೊನ್ನೆ ಹೋದಾಗ ತಡೆಯಲಾರದೆ ಹೇಳಿದೆ.

“ಅಕ್ಕ, ಒಂದು ಸಲ ಆ ಕಿಟಕೀಲಿ ಕೂತು ನೋಡೇ. ನನಗೋಸ್ಕರ.”

“ಅದು ನಿಮ್ಮ ಭಾವಂಗೆ ಹೊಳೆದ ಕಿಟಕಿ ಕಣೋ” ಎಂದಳು, ದಾರವನ್ನು ಹಲ್ಲಿನಿಂದ ಕಡಿಯುತ್ತಾ. “ಅವರೇ ಕೂತ್ಕೊಳ್ಳಲಿ.”

ಭಾವ ಕೂರುತ್ತಾರೆ. ದಿನಾ ಬೆಳಗ್ಗೆ ಪೇಪರು ಹಿಡಿದುಕೊಂಡು, ಬೆನ್ನನ್ನು ಗೋಡೆಗೆ ಕೊಟ್ಟು, ಬೀದಿ ನೋಡುತ್ತಾ ಅಲ್ಲೇ ಕೂರುತ್ತಾರೆ. ಅವರು ಉದ್ದನೆಯ ಆಳು. ಮೂರಡಿ ಐದಿಂಚಿನಲ್ಲಿ ಅವರ ಕಾಲು ಹಿಡಿಸುವುದಿಲ್ಲ. ಎರಡೂ ಮಂಡಿಯನ್ನು ಎದೆಗೆ ಮಡಚಿಕೊಂಡೇ ಕೂರಬೇಕು.